ಕವಲಿನಿಂದ ಮುಂದೆ ಐದು ಕಿಲೋಮೀಟರ್

ಜಮಖಂಡಿ
೬ ಅಕ್ಟೋಬರ್ ೨೦೧೩

ಅಣ್ಣಾ,

ಇವತ್ತು ನಸುಕಿನಲ್ಲಿ ಕಸಬರಿಗೆ ಹಿಡಿದು ಹೊರಗೆ ಬಂದಾಗ ಅವ್ವ ಅಂಗಳದಲ್ಲಿ ನಿಂತಿದ್ದ ಕಾರಿನ ಮೂತಿಗೆ ಮೂಗು ಹಚ್ಚಿ ವಾಸನೆ ನೋಡುತ್ತಿದ್ದಳು. ಮುಂದಿನದು ಮುಗಿಸಿ ಹಿಂದಕ್ಕೆ ಹೋಗಿ, ಬಗ್ಗಿ, ಹೊಗೆ ಬರುವ ಕೊಳವೆಯನ್ನು ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಯಾರೂ ನೋಡಿಲ್ಲವೆಂದು ತಿಳಿದು ಒಳಗೆ ಹೋದಳು. ನಾನು ಕಂಬದ ಮರೆಯಲ್ಲೇ ನಿಂತಿದ್ದೆ.

ಹೌದು, ನಮ್ಮ ಮನೆಗೆ ಕಾರು ಬಂದಿದೆ. ಬ್ಯಾಟರಿ ಕಾರು. ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಪುಣೆಯಿಂದ ತಂದು, ನಾಲ್ಕು ವರ್ಷ ಊರೊಳಗೇ ಓಡಿಸಿ, ಬೇಜಾರಾಗಿ ಮಗ್ಗದ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ನನ್ನಂಥವರು ಒಬ್ಬರು ಮೊಣಕಾಲು ಮಡಚಿ ಕೂಡಬಹುದು. ಅಪ್ಪ ಅದನ್ನು ಓಡಿಸಿಕೊಂಡು ಬಂದ ಸಂಜೆ ಓಣಿಯ ಮಂದಿಯೆಲ್ಲ ಕೂಡಿತ್ತು. ಎದುರು ಮನೆಯ ಸಿದರಾಯ ಕಾಕಾ ಸುತ್ತ ಒಂದು ಸಲ ತಿರುಗಿ, "ಹುಲೆಪ್ಪಾ, ಕೀಲಿ ಎಲ್ಲಿ ಕೊಡತಿ ಇದಕ್ಕ, ಬೆನ್ನಿಗೇನು?" ಎಂದ. ಅಪ್ಪ ನಗಲಿಲ್ಲ. ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಮೊಣಕಾಲು ನೋಯುತ್ತವೆ, ಸೈಕಲ್ಲು ತುಳಿಯಲಾಗದು, ಅದಕ್ಕೇ ತಂದೆ ಎಂದು ಎಲ್ಲರಿಗೂ ಹೇಳುತ್ತಿದ್ದಾನೆ. ನಿನಗೂ ಹಾಗೇ ಬರೆಯೆಂದಿದ್ದಾನೆ. ಬರೆದೆ.

ಖರೆ ಸಂಗತಿ ಬೇರೆ. ಹೋದ ತಿಂಗಳು ಮರೆವ್ವ ದೊಡ್ಡವ್ವ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಚಪ್ಪೆಯ ಎಲುಬು ಮುರಿದುಕೊಂಡಿದ್ದಾಳೆ. ವಯಸ್ಸಿನ ಎಲುಬು, ಕೂಡುವುದು ಕಷ್ಟ ಎಂದಿದ್ದಾರಂತೆ. ಹಾಸಿಗೆಯಲ್ಲಿದ್ದಾಳೆ. ಅವಳ ಮಗ ಹಣಮಂತ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಾನೆ. ಪ್ರತಿ ಸಲವೂ ಹಿಂದಿನಿಂದ ಅವಳ ದನಿ ಕೇಳಿಸುತ್ತದೆ: "ಸುಂದರಿ ಬರತಾಳೇನ ಕೇಳೋ."

ಅಕ್ಕ ಕರೆದಳೆಂದು ಸುಂದರಿ ಹೇಗೆ ಹೋಗಬೇಕು? ಬೀಳಗಿಯ ಆಚೆಯ ಆ ಪುನರ್ವಸತಿ ಊರಿಗೆ ಅವ್ವ ಹನ್ನೆರಡು ವರ್ಷದಿಂದ ಕಾಲಿಟ್ಟಿಲ್ಲ. ಅವಳ ತವರಾದ ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮುಂಚೆ ಸಾಮಾನು ಸಾಗಿಸಲು ಹೋದದ್ದೇ ಕೊನೆ. ಆವತ್ತು ಲಾರಿಯಿಂದ ಇಳಿದವಳಿಗೆ ಮತ್ತೆ ಡೀಸೆಲಿನ ವಾಸನೆ ಒಗ್ಗಲಿಲ್ಲ. ಬಸ್ಸು, ಜೀಪು, ಟಂಟಂ ಯಾವುದರ ಹತ್ತಿರ ಹೋದರೂ ಬೆವರುತ್ತಾಳೆ, ವಾಂತಿ ಮಾಡುತ್ತಾಳೆ, ಕಣ್ಣಿಗೆ ಕತ್ತಲೆ ಬರುತ್ತದೆ. ನೀನು ಮಿಲಿಟರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಬಾರದೆ ಬಜಾರದ ಮೂಲೆಯಲ್ಲೇ ನಿಂತದ್ದು ನಿನಗೆ ನೆನಪಿರಬಹುದು. ಇಷ್ಟು ವರ್ಷ ದೊಡ್ಡವ್ವನೇ ವರ್ಷಕ್ಕೆರಡು ಸಲ ಗಂಟು ಹೊತ್ತು ಬರುತ್ತಿದ್ದಳು. ಹಾಗಾಗಿ ಯಾರಿಗೂ ಕೊರತೆ ಕಾಣಲಿಲ್ಲ.

ಕಾಗದದಲ್ಲಿ ಬರೆದಂತೆ ಈ ಕಾರು ಒಂದು ಸಲ ಚಾರ್ಜು ಮಾಡಿದರೆ ಎಂಬತ್ತು ಕಿಲೋಮೀಟರ್ ಹೋಗಬೇಕು. ದೊಡ್ಡವ್ವನ ಊರು ಅಪ್ಪನ ಲೆಕ್ಕದಲ್ಲಿ ಎಪ್ಪತ್ತು. ಆದರೆ ಬ್ಯಾಟರಿಗಳು ಹಳೆಯವು, ಎಷ್ಟು ದೂರ ಎಳೆಯುತ್ತವೋ. ಸೇನೆಯ ವರ್ಕ್‌ಶಾಪಿನಲ್ಲಿ ದಿನವೂ ಗಾಡಿ ಬಿಚ್ಚುವ ನಿನಗೆ ಗೊತ್ತಿರುತ್ತದೆ ಎಂದು ಅಪ್ಪ ನೇರವಾಗಿ ಹೇಳಲಿಲ್ಲ. ನನಗೆ ಕೇಳಿಸುವಂತೆ ಒಬ್ಬನೇ ಮಾತಾಡಿಕೊಂಡ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನ್ನ ಗುಡ್ಡದಲ್ಲಿ ಸಿಗ್ನಲ್ಲು ಬರುವುದಿಲ್ಲ. ಪತ್ರವೇ ಸರಿ.

ನಿನ್ನ ತಂಗಿ
ಸಂಧ್ಯಾ


ಲಡಾಖ್
೨೭ ಅಕ್ಟೋಬರ್ ೨೦೧೩

ತಂಗಿ ಸಂಧ್ಯಾಗ,

ನಿನ್ನ ಪತ್ರ ಹದಿನೆಂಟ ದಿನಕ್ಕ ಬಂತು. ಎಂ.ಎ. ಮಾಡಿದಾಕಿ ಬರದದ್ದಂತ ಇಲ್ಲೆ ಬಿಜಾಪುರದ ದೋಸ್ತ ಒಬ್ಬಾಂವಗ ಅರ್ಧಾ ಓದಿ ತೋರಿಸಿದೆ. ಸಿಟ್ಟಾಗಬ್ಯಾಡ.

ಅಪ್ಪಗ ಹೇಳು. ಎಂಬತ್ತು ಅನ್ನೂದು ಹೊಸಾ ಬ್ಯಾಟರಿಗಿ, ಸಪಾಟ ರಸ್ತೆಕ್ಕ, ಒಬ್ಬನ ಕುಂತ್ರ. ಮೂರು ಮಂದಿ ಕುಂತ ಹಳೇ ಬ್ಯಾಟರಿ ಮ್ಯಾಲ ಐವತ್ತ ಬಂದ್ರ ದೊಡ್ಡದು. ಅದೂ ಈಗಿನ ಬಿಸಲಾಗ. ಥಂಡಿ ಬಿತ್ತಂದ್ರ ಇನ್ನೂ ಕಮ್ಮಿ. ಇಲ್ಲೆ ನಮ್ಮ ಗಾಡಿ ಬ್ಯಾಟರಿ ರಾತ್ರಿ ಬಿಚ್ಚಿ ಒಳಗ ತಂದು ಒಲಿ ಬಾಜೂಕ ಇಡತೀವಿ, ಹಡದ ಕೂಸಿನಂಗ. ಹೊರಗ ಬಿಟ್ಟರ ಮುಂಜಾನಿ ಗಾಡಿ ಉಸರ ಬಿಡೂದಿಲ್ಲ. ಒಳಗಿನ ನೀರು ತಣ್ಣಗಾದಷ್ಟು ಬ್ಯಾಟರಿ ಜಡ ಆಗತೈತಿ. ಕರೆಂಟ್ ಒಳಗ ಇರತೈತಿ, ಹೊರಗ ಬರಾಕ ಒಲ್ಲೆ ಅಂತೈತಿ. ನಿಮ್ಮ ಕಡೆ ಥಂಡಿ ಏನ ಥಂಡಿ, ಅಂದ್ರೂ ಹಳೇ ಬ್ಯಾಟರಿಗಿ ಅದ ಸಾಕು.

ನನ್ನ ಕೇಳಿದ್ರ ಮಾರ್ಚ್ ತನಕಾ ತಡೀರಿ. ಬ್ಯಾಸಗಿಯೊಳಗ ಹತ್ತು ಕಿಲೋಮೀಟರ್ ತಾನ ಹೆಚ್ಚಿಗಿ ಸಿಗತಾವ. ಆದ್ರ ದೊಡ್ಡವ್ವ ಮಾರ್ಚ್ ತನಕಾ ತಡೀತಾಳೇನು, ಅದು ನನಗ ಗೊತ್ತಿಲ್ಲ. ಅದನ್ನ ನೀನ ಬರೀಬೇಕು.

ಎಷ್ಟ ಓಡತು, ಚಾರ್ಜಿನ ಮುಳ್ಳ ಎಷ್ಟ ಇಳೀತು ಒಂದ ವಹಿಯೊಳಗ ಬರಕೋರಿ. ಸುಳ್ಳ ಬರೀಬ್ಯಾಡರಿ, ಅಪ್ಪಗ ದೊಡ್ಡದ ಮಾಡಿ ಹೇಳೂ ಚಾಳಿ ಐತಿ.

ಹಳೇ ಊರ ಮಾತ ಓದಿ ರಾತ್ರಿ ಉಸುಕಿನ್ಯಾಗಿನ ಕಲ್ಲಂಗಡಿ ನೆನಪಾದ್ವು. ಹೊಳ್ಯಾಗ ತಣ್ಣಗ ಮಾಡಾಕ ಬಿಡತಿದ್ವಿ, ನೀ ಅದರ ಮ್ಯಾಲ ಕುಂಡರತಿದ್ದಿ.

ನಿನ್ನ ಅಣ್ಣ
ಧರ್ಮರಾಜ


ಜಮಖಂಡಿ
೧೭ ನವೆಂಬರ್ ೨೦೧೩

ಅಣ್ಣಾ,

ನೀನು ಹೇಳುವ ಮೊದಲೇ ವಹಿ ನನ್ನ ಪಾಲಿಗೆ ಬಂದಿತ್ತು. ದಿನವೂ ಬೆಳಿಗ್ಗೆ ಅಪ್ಪನ ಬಾಜುವಿನಲ್ಲಿ ಕುಳಿತು ಬರೆಯುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ತೇರದಾಳ ರಸ್ತೆಯಲ್ಲಿ ಹೋಗಿಬಂದಾಗ ನಲವತ್ತೆಂಟು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಅದೇ ರಸ್ತೆಯಲ್ಲಿ ನಲವತ್ತೊಂದು. ಹೋದ ಗುರುವಾರ ಹುಲ್ಲಿನ ಮೇಲೆ ಇಬ್ಬನಿ ಬಿದ್ದಿತ್ತು, ಮೂವತ್ತೆಂಟಕ್ಕೆ ಮುಳ್ಳು ಕೆಳಗೆ ಮಲಗಿತು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ಎಳೆದು ತಂದ. ಓಣಿಯಲ್ಲಿ ಸಿದರಾಯ ಕಾಕಾ ಹಲ್ಲುಜ್ಜುತ್ತ ನಿಂತಿದ್ದ. ಎತ್ತು ಹೂಡಿದ್ದರೆ ಹಗ್ಗವೂ ಉಳಿಯುತ್ತಿತ್ತಲ್ಲ ಎಂದ. ಅಪ್ಪ ಈ ಸಲ ನಕ್ಕ. ನಗುತ್ತಲೇ ವಹಿಯಲ್ಲಿ ನಲವತ್ತು ಎಂದು ಬರೆಯಲು ಹೇಳಿದ. ನಾನು ಮೂವತ್ತೆಂಟು ಎಂದೇ ಬರೆದೆ.

ಮಾರ್ಚ್‌ವರೆಗೆ ತಡೆಯುವ ಮಾತು ಮುಗಿಯಿತು. ದೊಡ್ಡವ್ವ ರೊಟ್ಟಿ ಬಿಟ್ಟಿದ್ದಾಳೆ. ಅಂಬಲಿ ಮಾತ್ರ, ಅದೂ ಹಣಮಂತನ ಹೆಂಡತಿ ಗದರಿದರೆ. ಫೋನಿನಲ್ಲಿ ಈಗ ಹಿಂದಿನ ದನಿ ಕೇಳಿಸುವುದಿಲ್ಲ. ಹಣಮಂತ ತಾನಾಗಿಯೇ, ಕೇಳಾಕತ್ತಾಳ ಎನ್ನುತ್ತಾನೆ. ಡಿಸೆಂಬರ್ ದಾಟುವುದರೊಳಗೆ ಬಂದರೆ ಮಾತು ಸಿಕ್ಕೀತು ಎಂದ. ಅಪ್ಪ ಅವ್ವನಿಗೆ ಇಷ್ಟನ್ನೂ ಹೇಳಿಲ್ಲ. ಅವ್ವ ಹಿಟ್ಟು ನಾದುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

ಅವಳು ಮೊದಲ ಸಲ ಕಾರಿನಲ್ಲಿ ಕುಳಿತದ್ದನ್ನು ನೀನು ನೋಡಬೇಕಿತ್ತು. ಅಪ್ಪ ಬಾಗಿಲು ತೆರೆದು ನಿಂತ, ಬಾ ಎನ್ನಲಿಲ್ಲ. ಅವ್ವ ನಿಂಬೆಹಣ್ಣೊಂದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತು ಕಣ್ಣು ಮುಚ್ಚಿದಳು. ಕಾರು ಓಣಿ ದಾಟಿತು, ಬಜಾರ ದಾಟಿತು. ಬೀರದೇವರ ಗುಡಿಯ ಹತ್ತಿರ ಕಣ್ಣು ತೆರೆದು, ಗಾಡಿ ಇನ್ನ ಯಾವಾಗ ಹೊರಡೂದು ಅಂತ ಕೇಳಿದಳು. ಇಷ್ಟು ಮೆತ್ತಗೆ ಹೋಗುವ ಗಾಡಿಯನ್ನು ಅವಳು ಕಂಡೇ ಇರಲಿಲ್ಲ. ಬೆವರಲಿಲ್ಲ, ವಾಂತಿ ಆಗಲಿಲ್ಲ. ಮನೆಗೆ ಬಂದು ಅಪ್ಪ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ಈಗ ರಾತ್ರಿ ಊಟವಾದ ಮೇಲೆ ಇಬ್ಬರೂ ದಾರಿ ಹಾಕುತ್ತಾರೆ. ಅಪ್ಪನಿಗೆ ದಾರಿ ಎಂದರೆ ಟ್ರಾನ್ಸ್‌ಫಾರ್ಮರುಗಳು, ಅವನ ಬಾಯಲ್ಲಿ ಟಿ.ಸಿ.ಗಳು. ಯಾವ ಊರ ಟಿ.ಸಿ. ಮೇಲೆ ಎಷ್ಟು ಪಂಪ್‌ಸೆಟ್ಟುಗಳಿವೆ, ಎಲ್ಲಿ ಓಲ್ಟೇಜು ಬಿಗಿಯಾಗಿ ಬರುತ್ತದೆ, ಯಾರ ಮನೆಯ ಅರ್ಥಿಂಗ್ ನೆಟ್ಟಗಿದೆ, ಮೂವತ್ತು ವರ್ಷ ಕಂಬ ಹತ್ತಿದವನಿಗೆ ಎಲ್ಲ ಬಾಯಿಪಾಠ. ಅವ್ವನಿಗೆ ದಾರಿ ಎಂದರೆ ಅವಳಪ್ಪ, ನಮ್ಮ ಅಮಸಿದ್ದಪ್ಪ ಅಜ್ಜ, ಕುರಿ ತರುಬುತ್ತಿದ್ದ ಹೊಲಗಳು. ಅಲ್ಲಿ ಒಂದು ಬನ್ನಿಗಿಡವಿತ್ತು, ಇಲ್ಲಿ ಗೌಡರ ಹೊಲದಲ್ಲಿ ಮೂರು ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆ ಬದಲಾಗಿ ಜೋಳ ಕೊಡುತ್ತಿದ್ದರು, ಹೀಗೆ. ಮುಧೋಳದ ಹತ್ತಿರ ಇಬ್ಬರ ದಾರಿಯೂ ಒಂದೇ ಊರಲ್ಲಿ ನಿಂತಿತು. ಅಪ್ಪನ ಹಳೆಯ ಗೆಳೆಯ ಗಿರಿಮಲ್ಲಪ್ಪನ ಮನೆ ಇರುವುದು ಅಜ್ಜನ ಕುರಿ ನಿಲ್ಲುತ್ತಿದ್ದ ಹೊಲದ ಬದುವಿನಲ್ಲೇ. ಅಲ್ಲಿ ಒಂದು ರಾತ್ರಿ. ಮರುದಿನ ಬೀಳಗಿಯಲ್ಲಿ ಚನಮಲ್ಲಪ್ಪನವರ ಹಿಟ್ಟಿನ ಗಿರಣಿಯಲ್ಲಿ ಚಾರ್ಜು. ಅಲ್ಲಿಂದ ದೊಡ್ಡವ್ವನ ಊರು ಹನ್ನೆರಡೇ ಕಿಲೋಮೀಟರ್.

ನಾನು ಹಿಂದಿನ ಸೀಟು. ವಹಿಯೂ ಹಿಂದಿನ ಸೀಟು.

ಸಂಧ್ಯಾ


ಲಡಾಖ್
೫ ಡಿಸೆಂಬರ್ ೨೦೧೩

ಸಂಧ್ಯಾ,

ಇದು ಹೊರಡೂದರೊಳಗ ಮುಟ್ಟತೈತೋ ಇಲ್ಲೋ. ಲಗೂನ ಬರೀತೀನಿ.

ಚಾರ್ಜ್ ಸಂಜಿಮುಂದ ಮುಗಿಸಿ ಇಡಬ್ಯಾಡರಿ. ಹೊರಡೂ ವ್ಯಾಳೇಕ್ಕ ಮುಗಿಯೂ ಹಂಗ ಹಚ್ಚರಿ. ಚಾರ್ಜ್ ಆಗೂ ಮುಂದ ಬ್ಯಾಟರಿ ತಾನ ಬೆಚ್ಚಗ ಆಗತೈತಿ, ಆ ಬಿಸಿ ಆರೂದರೊಳಗ ಹೊರಡರಿ. ಗಾಡಿ ಬಯಲಾಗ ನಿಲ್ಲಸಬ್ಯಾಡರಿ, ದನದ ಕೊಟ್ಟಗ್ಯಾಗ ಇಲ್ಲಾ ಕುರಿ ದೊಡ್ಡ್ಯಾಗ ನಿಲ್ಲಸರಿ. ದನಾ ಕುರಿ ಇದ್ದ ಜಾಗಾ ಎಷ್ಟ ಬೆಚ್ಚಗ ಇರತೈತಿ ನಿನಗ ಗೊತ್ತಿಲ್ಲ, ನನಗ ಗೊತ್ತೈತಿ, ನಾ ಅಜ್ಜನ ಕುರ್ಯಾಗ ಮಲಗಿ ಬೆಳದಾಂವ. ಕಂಬಳಿ ಹೊಚ್ಚರಿ. ಮೂವತ್ತರ ಮ್ಯಾಲ ಓಡಸಬ್ಯಾಡ ಅಂತ ಅಪ್ಪಗ ಹೇಳು. ಹೀಟರ್ ಬ್ಯಾಡ, ಅದು ಬ್ಯಾಟರೀನ ಕುಡಿತೈತಿ. ಎಲ್ಲಾಕಿಂತ ಹೆಚ್ಚಿಂದು, ವಜ್ಜಾ ಹಾಕಬ್ಯಾಡರಿ. ಎರಡ ಸೀರಿ, ಒಂದ ಬುತ್ತಿ. ಮುಗೀತು.

ಅವ್ವಗ ಹುಷಾರ ಅಂತ ಹೇಳು. ನಾ ಇದ್ದಿದ್ರ ಹೊತ್ತಗೊಂಡ ಹೋಗತಿದ್ದೆ.

ಧರ್ಮರಾಜ


ಮುಧೋಳದ ಹತ್ತಿರ, ಗಿರಿಮಲ್ಲಪ್ಪ ಕಾಕಾನ ಮನೆ
೨೧ ಡಿಸೆಂಬರ್ ೨೦೧೩

ಅಣ್ಣಾ,

ನಿನ್ನ ಪತ್ರ ಹೊರಡುವ ಹಿಂದಿನ ದಿನ ಬಂತು. ಒಂದನ್ನು ಬಿಟ್ಟು ಎಲ್ಲವನ್ನೂ ಪಾಲಿಸಿದ್ದೇವೆ.

ಆ ಒಂದು ವಜ್ಜೆ. ಹನ್ನೆರಡು ವರ್ಷದ ಮೇಲೆ ಅಕ್ಕನ ಮನೆಗೆ ಹೊರಟವಳು ಎರಡು ಸೀರೆ ಒಂದು ಬುತ್ತಿ ಹಿಡಿದು ಹೋಗುತ್ತಾಳೆಯೇ? ಮನೆಯಿಂದಲೇ ಅರ್ಧ ಚೀಲ ಜೋಳ ಬಂತು, ಅವ್ವ ಅದರ ಮೇಲೆ ಕಾಲಿಟ್ಟುಕೊಂಡು ಕುಳಿತಳು. ಇಲ್ಲಿಗೆ ಬಂದರೆ ಗಿರಿಮಲ್ಲಪ್ಪ ಕಾಕಾನ ಹೆಂಡತಿ ಉಡಿ ತುಂಬದೆ ಬಿಡಲಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ. ಬಾಜೂ ಮನೆಯವಳು ಬಂದಳು, ಅವಳೂ ತುಂಬಿದಳು. ಅಮಸಿದ್ದಪ್ಪನ ಮಗಳು ಬಂದಾಳಂತ ಎಂದು ಸಂಜೆಯ ಹೊತ್ತಿಗೆ ಐದು ಜನ ಹೆಂಗಸರು ಕೂಡಿದರು. ಅವರಿಗೆಲ್ಲ ಅಜ್ಜ ನೆನಪಿದ್ದಾನೆ. ಒಬ್ಬ ಮುದುಕಿ, ಮಳೆಯಲ್ಲಿ ತನ್ನ ಅಂಗಳಕ್ಕೆ ಬಂದು ನಿಂತ ಅಜ್ಜ ತನ್ನ ಕೈಗೆ ಒಂದು ಕುರಿಮರಿಯನ್ನು ಕೊಟ್ಟದ್ದನ್ನು ಎರಡು ಸಲ ಹೇಳಿದಳು. ಕೊನೆಗೆ ಕಾಕಾ ಹತ್ತು ಹತ್ತು ಕಿಲೋದ ಎರಡು ಪೆಂಟಿ ಬೆಲ್ಲ ತಂದು ಕಾರಿನಲ್ಲಿಟ್ಟ. ಅಪ್ಪ ಕಾರಿನ ಟೈರು ನೋಡಿದ, ಪೆಂಟಿ ನೋಡಿದ, ಕಾಕಾನ ಮುಖ ನೋಡಿದ. ಬೇಡ ಎನ್ನುವುದು ಅವನಿಗೆ ಆಗಲಿಲ್ಲ. ನನಗಂತೂ ಯಾವತ್ತೂ ಆಗಿಲ್ಲ.

ಕಾರು ಎಮ್ಮೆಗಳ ನಡುವೆ ಕಂಬಳಿ ಹೊದ್ದು ನಿಂತಿದೆ. ಅಪ್ಪ ನಸುಕಿನ ಎರಡಕ್ಕೆ ಎದ್ದು ಚಾರ್ಜಿಗೆ ಹಚ್ಚುತ್ತಾನಂತೆ.

ಸಂಧ್ಯಾ


ದೊಡ್ಡವ್ವನ ಮನೆಯಿಂದ
೨೭ ಡಿಸೆಂಬರ್ ೨೦೧೩

ಅಣ್ಣಾ,

ಮುಟ್ಟಿದ್ದೇವೆ. ದೊಡ್ಡವ್ವ ಇದ್ದಾಳೆ. ಇದನ್ನು ಮೊದಲು ಬರೆದು ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಬೀಳಗಿಯವರೆಗೆ ನಿನ್ನ ಮಾತಿನಂತೆ ಎಲ್ಲ ಸುರಳೀತವಾಯಿತು. ಎಮ್ಮೆಯ ಬಿಸಿಯೋ, ನಸುಕಿನ ಚಾರ್ಜಿನ ಬಿಸಿಯೋ, ಮುಳ್ಳು ನಿಧಾನಕ್ಕೆ ಇಳಿಯಿತು. ಆದರೆ ಚನಮಲ್ಲಪ್ಪನವರ ಗಿರಣಿಯಲ್ಲಿ ಚಾರ್ಜಿಗೆ ಹಚ್ಚಿದ ಒಂದು ತಾಸಿಗೆ ಕರೆಂಟು ಹೋಯಿತು. ಸಂಜೆಯವರೆಗೆ ಬರಲಿಲ್ಲ. ಅಲ್ಲಿಯೂ ಉಡಿ ತುಂಬಿದರು. ರಾತ್ರಿ ಅಲ್ಲೇ ಉಳಿದೆವು. ಕರೆಂಟು ಬಂದದ್ದು ನಸುಕಿನಲ್ಲಿ, ಅದೂ ದೀಪ ಮಿಣುಕುವಷ್ಟು. ಅಪ್ಪ ಕಾಯೋಣವೆಂದ. ಆಗ ಹಣಮಂತನ ಫೋನು ಬಂತು. ರಾತ್ರಿಯಿಂದ ದೊಡ್ಡವ್ವ ನೀರೂ ಕೇಳಿಲ್ಲವಂತೆ. ಅರ್ಧದ ಕೆಳಗಿದ್ದ ಮುಳ್ಳನ್ನೇ ನಂಬಿ ಹೊರಟೆವು. ಕಾರಿನ ಗಾಜಿನ ಮೇಲೆ ಇಬ್ಬನಿ ಹರಿಯುತ್ತಿತ್ತು. ಅಪ್ಪ ಅದನ್ನು ಒರೆಸುವ ಕಡ್ಡಿಯನ್ನೂ ಹಾಕಲಿಲ್ಲ, ಅದೂ ಬ್ಯಾಟರಿ ತಿನ್ನುತ್ತದೆಯೆಂದು. ನಾನು ಕಿಟಕಿಯಿಂದ ಕೈ ಹಾಕಿ ಒರೆಸುತ್ತಿದ್ದೆ.

ಏಳು ಕಿಲೋಮೀಟರ್ ಕಳೆದ ಮೇಲೆ ಒಂದು ಕವಲು ಬರುತ್ತದೆ. ಎಡಕ್ಕೆ ಹಳೇ ಊರಿನ ರಸ್ತೆ. ಅದು ತುಸು ದೂರ ಇಳಿದು ಹೋಗಿ ನೀರಿನೊಳಗೆ ಮುಳುಗುತ್ತದೆ. ಡಾಂಬರು ಇನ್ನೂ ಕಾಣುತ್ತದೆ, ಅಣ್ಣಾ. ನಡುವಿನ ಬಿಳಿ ಗೆರೆಯೂ ಒಂದಿಷ್ಟು ಕಾಣುತ್ತದೆ. ಬಲಕ್ಕೆ ಏರು ಹತ್ತಿ ಹೊಸ ಊರಿನ ರಸ್ತೆ, ಐದು ಕಿಲೋಮೀಟರ್. ಕವಲಿಗೆ ಬರುವ ಹೊತ್ತಿಗೆ ಮುಳ್ಳು ಕೆಂಪಿಗೆ ಬಂದಿತ್ತು. ಅಪ್ಪ ಏರನ್ನೇ ದಿಟ್ಟಿಸುತ್ತಿದ್ದ. ನಾನು ಅವ್ವನನ್ನು ನೋಡಿದೆ. ಅವಳ ಕುತ್ತಿಗೆಯ ಮೇಲೆ ಬೆವರು. ಆ ಚಳಿಯಲ್ಲಿ. ತುಟಿ ಬಿಳಿಚಿತ್ತು.

"ನಿಲ್ಲಸರಿ, ಇಳೀತೀನಿ" ಎಂದಳು.

ಅಪ್ಪ ಮುಳ್ಳು ನೋಡಿಕೊಂಡು, ಅವಳು ವಜ್ಜೆ ಕಡಿಮೆ ಮಾಡಲು ಇಳಿಯುತ್ತಿದ್ದಾಳೆ ಎಂದು ತಿಳಿದ. ಬೇಡವೆಂದು ಎರಡು ಸಲ ಹೇಳಿದ. ಆಮೇಲೆ ಅವನಿಗೂ ಬೇರೆ ದಾರಿ ಕಾಣಲಿಲ್ಲ. ನಾನೂ ಇಳಿದೆ. ಜೋಳ, ಬೆಲ್ಲ, ಅಕ್ಕಿಗಳ ಜೊತೆ ಅಪ್ಪ ಒಬ್ಬನೇ ಕುಳಿತು ಆಮೆಯಂತೆ ಏರು ಹತ್ತಿದ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವ್ವ ರಸ್ತೆಯ ಬದಿಯಲ್ಲಿ ಕುಳಿತು ವಾಂತಿ ಮಾಡಿದಳು. ನೀರು ಕೊಟ್ಟೆ. ವಾಸನೆ ಇಲ್ಲವಲ್ಲ ಯವ್ವಾ ಎಂದೆ, ಏನೋ ಒಂದು ಹೇಳಬೇಕೆಂದು.

ಅರ್ಧ ಏರು ಹತ್ತಿದ ಮೇಲೆ ಅವ್ವ ಹೇಳಿದಳು. ಲಾರಿಯ ದಿನದ ಮಾತು. ಅವಳು, ದೊಡ್ಡವ್ವ, ನಿದ್ದೆ ಮಾಡುತ್ತಿದ್ದ ನಾನು, ಬಿಚ್ಚಿದ ಮನೆಯ ತೊಲೆಗಳ ಮೇಲೆ ಕುಳಿತಿದ್ದೆವಂತೆ. ಅಜ್ಜ ಲಾರಿ ಹತ್ತಲು ಒಪ್ಪದೆ ಕುರಿ ಹೊಡೆದುಕೊಂಡು ನಡೆದೇ ಹೊರಟಿದ್ದ. ಈ ಏರಿನಲ್ಲಿ ಲಾರಿ ಅವನನ್ನು ದಾಟಿತು. ಅವ್ವ ನಿಲ್ಲಿಸೆಂದು ಕೂಗಿದಳು, ಡ್ರೈವರನಿಗೆ ಕೇಳಿಸಲಿಲ್ಲವೋ ಏನೋ, ನಿಲ್ಲಿಸಲಿಲ್ಲ.

"ಹಿಂದ ತಿರುಗಿ ನೋಡಿದ್ರ ಬರೇ ಕರೀ ಹೊಗಿ. ಅದರಾಗ ನಮ್ಮಪ್ಪ ಕಾಣಲಾರದಂಗ ಆದ. ಸಂಜಿಗಿ ಬಂದು ಮಲಗಿದಾಂವ ನಾಕ ದಿನಕ್ಕ ಹ್ವಾದ. ಆಂವ ನಡದ ದಾರಿಯೊಳಗ ನಾ ಮತ್ತ ಕುಂತ ಹ್ಯಾಂಗ ಹೋಗಲಿ?"

ಅಪ್ಪ ಆವತ್ತು ತೇರದಾಳದಲ್ಲಿ ಡ್ಯೂಟಿಯ ಮೇಲಿದ್ದ. ಹನ್ನೆರಡು ವರ್ಷ ಅವನಿಗೆ ಅವ್ವ ಹೇಳಿದ್ದು ಡೀಸೆಲಿನ ವಾಸನೆಯಷ್ಟೇ. ಈಗಲೂ ನನ್ನ ಮುಂಗೈ ಹಿಡಿದು, ಅಪ್ಪನಿಗೆ ಹೇಳಬೇಡ, ಎಷ್ಟು ಹೌಸಿಯಿಂದ ಗಾಡಿ ತಂದಾನ ಎಂದಳು.

ನಾವು ಮುಟ್ಟಿದಾಗ ಕಾರು ಹಣಮಂತನ ಅಂಗಳದಲ್ಲಿ ನಿಂತಿತ್ತು. ಅಪ್ಪ ಅದರ ಬೆನ್ನು ತಟ್ಟುತ್ತ ಮಂದಿಗೆ, "ಇಕಿ ಇಳದದ್ದಕ್ಕ ಮುಟ್ಟೇತಿ ನೋಡ್ರಿ. ಇಲ್ಲಂದ್ರ ಏರಿನ್ಯಾಗ ಕೂಡತಿತ್ತು" ಎನ್ನುತ್ತಿದ್ದ. ಅವ್ವ ಹೌದೆಂದು ತಲೆಯಾಡಿಸಿ ಒಳಗೆ ಹೋದಳು.

ದೊಡ್ಡವ್ವ ಕಣ್ಣು ತೆರೆದು ಅವಳನ್ನು ನೋಡಿದಳು. ಬಂದಿಯಾ ಎಂದೂ ಕೇಳಲಿಲ್ಲ. "ಮಾರಿ ಯಾಕ ಇಷ್ಟ ಕರ್ರಗ ಆಗೇತಿ, ಬಿಸಲಾಗ ನಡದಿ?" ಎಂದಳು. ಅವ್ವ ಅವಳ ಕಾಲು ಒತ್ತುತ್ತ ಕುಳಿತಳು. ಸಂಜೆ ದೊಡ್ಡವ್ವ ಅರ್ಧ ಬಟ್ಟಲು ಅಂಬಲಿ ಕುಡಿದಳು. ಮರುದಿನ ಗಿರಿಮಲ್ಲಪ್ಪ ಕಾಕಾನ ಬೆಲ್ಲ ಬೇಕೆಂದು ಕೇಳಿದಳು. ಏಳುವುದಿಲ್ಲ ಅವಳು, ಅದು ಎಲ್ಲರಿಗೂ ಕಾಣುತ್ತದೆ. ಆದರೆ ಇಬ್ಬರೂ ಇಡೀ ದಿನ ಮಾತಾಡುತ್ತಾರೆ, ಹಳೇ ಊರಿನ ಓಣಿಗಳಲ್ಲಿ ಒಂದೊಂದೇ ಮನೆ ಹೊಕ್ಕು ಬರುತ್ತಾರೆ. ಹೊರಗೆ ಕುಳಿತು ನಾನು ಕೇಳುತ್ತೇನೆ. ಅವರು ಹೇಳುವ ಬಾಗಿಲುಗಳಲ್ಲಿ ಅರ್ಧ ನನಗೆ ನೆನಪಿಲ್ಲ.

ಸಂಧ್ಯಾ


ಲಡಾಖ್
೧೬ ಜನವರಿ ೨೦೧೪

ಸಂಧ್ಯಾ,

ನಿನ್ನ ಪತ್ರ ಬಂದು ಎರಡ ದಿನಾ ಆತು.

ಅಪ್ಪನೂ ಒಂದ ಕಾರ್ಡ ಹಾಕ್ಯಾನ. ತಾನ ಬರದಾನ. ನಾ ಇಲ್ಲಿಗೆ ಬಂದ ಮ್ಯಾಲ ಇದ ಮೊದಲ. ಹೊಸಾ ಬ್ಯಾಟರಿ ಹಾಕಿದ್ರ ಮೂರು ಮಂದಿ, ಮತ್ತ ಇದ್ದ ವಜ್ಜಾ, ಥಂಡ್ಯಾಗ ದೊಡ್ಡವ್ವನ ಬಾಗಲದ ತನಕಾ ಮುಟ್ಟತಾವೇನು, ನಿಮ್ಮವ್ವ ಮತ್ತ ನಡೀಬಾರದು ಅಂತ ಕೇಳ್ಯಾನ. ಏನ ಬರೀಲಿ? ನೀ ಏನ ಬಯಸತಿ ಅಂತ ನನಗ ತಿಳೀತೈತಿ. ಮುಟ್ಟೂದಿಲ್ಲ ಅಂತ ಬರದ್ರ ಆತು, ಅವ್ವಗ ಇಳದ ನಡಿಯಾಕ ನೆಪ ಉಳೀತೈತಿ. ಆದ್ರ ನನ್ನ ಕೈಲಿಂದ ಆಗಲಿಲ್ಲ. ಬ್ಯಾಟರಿ ಇಲ್ಲೆ ಮಂದಿ ಜೀವಾ ಉಳಸೂ ಸಾಮಾನ. ಅದರ ಬಗ್ಗೆ ನಾ ಸುಳ್ಳ ಬರಿಯಾಂವಲ್ಲ. ಮುಟ್ಟತಾವ ಅಂತನ ಬರದೀನಿ. ನಿನಗ ಸಿಟ್ಟ ಬಂದ್ರ ಬರಲಿ.

ಇನ್ನೊಂದು. ನಿಮಗ್ಯಾರಿಗೂ ನೆನಪಿಲ್ಲೇನು, ಆವತ್ತ ಅಜ್ಜನ ಜೋಡಿ ಕುರಿ ಹೊಡಕೊಂಡ ನಡದಾಂವ ನಾ. ಹದಿನಾರ ವರ್ಷದಾಂವ ಇದ್ದೆ. ಆಂವ ಸಿಟ್ಟಿಲೆ ನಡೀಲಿಲ್ಲ. ಎರಡ ಕುರಿ ಈಯೂ ದಿನಾ ಇತ್ತು, ಲಾರ್ಯಾಗ ಹಾಕಿದ್ರ ತುಳದಾಟಕ್ಕ ಮರಿ ಹೋಗತಾವ ಅಂತ ನಡದ. ಲಾರಿ ನಮ್ಮನ್ನ ದಾಟಿದ್ದು ನನಗ ನೆನಪೈತಿ. ಅಜ್ಜ ಕಣ್ಣಾಗಿನ ಧೂಳ ಒರಸಿಕೊಂಡು ಏನಂದ ಗೊತ್ತೇನು? "ಸುಂದರಿ ಬರೇ ತಲೀಲೆ ಕುಂತಾಳ ನೋಡೋ. ಬಿಸಲ ಬಡೀತೈತಿ, ಸೆರಗ ಹೊದ್ದಕೋ ಅನಬೇಕಿತ್ತು." ಅಷ್ಟ. ಆಮ್ಯಾಲ ನನಗ ತಂಬಾಕದ ಚೀಲಾ ಕೊಡಂದ. ದಾರ್ಯಾಗ ಒಂದ ಕುರಿ ಈತು, ಮರಿ ಹೆಗಲ ಮ್ಯಾಲ ಹಾಕ್ಕೊಂಡ ಪದಾ ಅನಕೋತ ಬಂದ.

ಈ ಮಾತ ಯಾರಿಗೂ ಹೇಳಬೇಕಂತ ನನಗ ಅನಸಲೇ ಇಲ್ಲ. ಇದರಾಗ ಏನೈತಿ ಅನಕೊಂಡಿದ್ದೆ.

ಧರ್ಮರಾಜ


ಜಮಖಂಡಿ
೯ ಫೆಬ್ರುವರಿ ೨೦೧೪

ಅಣ್ಣಾ,

ಸಿಟ್ಟು ಬಂದಿಲ್ಲ. ನೀನು ಸುಳ್ಳು ಬರೆದಿದ್ದರೆ ಬರುತ್ತಿತ್ತೇನೋ. ನಾನೂ ವಹಿಯಲ್ಲಿ ಮೂವತ್ತೆಂಟನ್ನು ಮೂವತ್ತೆಂಟೆಂದೇ ಬರೆದವಳು.

ಸಂಕ್ರಾಂತಿಗೆ ನಾವು ಊರಿಗೆ ಬಂದೆವು. ಹೊರಡುವಾಗ ಅವ್ವ ಕವಲಿನವರೆಗೆ ಇಳಿಜಾರಿನಲ್ಲಿ ನಡೆದೇ ಬಂದಳು. ಬ್ಯಾಟರಿ ತುಂಬಿತ್ತು, ನಡೆಯುವುದು ಬೇಕಿರಲಿಲ್ಲ. ಮೂರು ವಾರ ಕುಳಿತು ಕಾಲು ಹಿಡಿದಾವ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಅವಳ ಹಿಂದೆ ಹಿಂದೆ ಕಾರು ಬಿಟ್ಟುಕೊಂಡು ಬಂದ.

ನಿನ್ನ ಪತ್ರ ಬಂದ ಮಧ್ಯಾಹ್ನ ಅಪ್ಪ ಮನೆಯಲ್ಲಿರಲಿಲ್ಲ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಎರಡನೇ ಹಾಳೆಯನ್ನು ಅವಳಿಗೆ ಓದಿದೆ. ಸೆರಗಿನ ಮಾತು ಬಂದಾಗ ಅವಳ ಕೈ ಮೊರದ ಮೇಲೆ ನಿಂತಿತು. ಅಳುತ್ತಾಳೆ ಎಂದು ನಾನು ಕಾದೆ. ಅಳಲಿಲ್ಲ. ಈದ ಕುರಿ ಯಾವುದು, ಕರಿಯದೋ ಬಿಳಿಯದೋ ಎಂದು ಕೇಳಿದಳು. ನೀನು ಬರೆದಿಲ್ಲ ಎಂದೆ. ಮರುದಿನ ರೊಟ್ಟಿ ಬಡಿಯುವಾಗ, ಇನ್ನೊಮ್ಮೆ ಓದು ಎಂದಳು. ಮೂರನೆಯ ದಿನ ಕೇಳಲಿಲ್ಲ. ಆದರೆ ಪತ್ರ ನನ್ನ ಟ್ರಂಕಿನಲ್ಲಿಲ್ಲ. ಓದಲು ಬಾರದ ಅವಳು ಅದನ್ನು ಎಲ್ಲಿಟ್ಟಿದ್ದಾಳೆಂದು ನಾನು ಹುಡುಕಲಿಲ್ಲ. ಕುರಿ ಯಾವ ಬಣ್ಣದ್ದೆಂದು ಬರೆ.

ಹೊಸ ಬ್ಯಾಟರಿಗಳು ನಿನ್ನೆ ಬಂದವು. ಅಪ್ಪ ನಿನ್ನ ಉತ್ತರವನ್ನು ಸಿದರಾಯ ಕಾಕಾನಿಗೆ ಓದಿ ತೋರಿಸಿ, ಮಿಲಿಟರಿ ಮೆಕ್ಯಾನಿಕ್ ಬರದಾನ ಎಂದ. ಈ ಬೆಳಿಗ್ಗೆ ತೇರದಾಳ ರಸ್ತೆಯಲ್ಲಿ ಅರವತ್ತೆರಡು ಓಡಿತು. ಬರುವ ಗುರುವಾರ ಮತ್ತೆ ಹೊರಡುತ್ತೇವೆ. ದೊಡ್ಡವ್ವನಿಗೆ ಈಗ ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಎಚ್ಚರ. ಇದು ಅವಳನ್ನು ಮಾತಾಡಿಸುವ ಕೊನೆಯ ಸಲವಿರಬಹುದು. ಅವ್ವ ಹೋಗಲೇಬೇಕು. ಈ ಸಲ ಬಾಗಿಲಿಗೇ ಇಳಿಸತೇನಿ ಎಂದು ಅಪ್ಪ ಮೂರು ಸಲ ಹೇಳಿದ್ದಾನೆ. ಅವ್ವ ಹೂಂ ಎಂದಿದ್ದಾಳೆ. ಆ ಹೂಂ ಕೇಳಿದರೆ ನಿನಗೂ ತಿಳಿಯುತ್ತಿತ್ತು, ಇಳಿಯಬೇಕೆನಿಸಿದರೂ ನಿಲ್ಲಿಸೆಂದು ಇನ್ನು ಅವಳು ಕೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ಕುಳಿತುಬಿಡುತ್ತಾಳೆ.

ನಿನ್ನ ಪತ್ರ ಕೇಳಿದ ಮೇಲೆ ಅವಳು ಕಾರಿನಲ್ಲಿ ಕುಳಿತೇ ಆ ಏರು ಹತ್ತಬಲ್ಲಳೋ, ನನಗೆ ತಿಳಿಯದು. ಅವಳಿಗೂ ಅಲ್ಲಿಗೆ ಹೋದ ಮೇಲೆಯೇ ತಿಳಿಯಬೇಕು. ಅವಳ ಪರವಾಗಿ ಅಪ್ಪನಿಗೆ ಹೇಳುವ ಹಕ್ಕು ನನಗಿಲ್ಲ, ಬ್ಯಾಟರಿಯ ನೆಪ ಇನ್ನು ನಡೆಯುವುದಿಲ್ಲ. ಇದನ್ನೇ ನಾಲ್ಕು ದಿನ ಯೋಚಿಸಿದೆ. ಆಮೇಲೆ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಆವತ್ತು ಲಾರಿಯ ಮೇಲೆ ನಾನೂ ಇದ್ದೆ. ಹತ್ತು ವರ್ಷದವಳು, ಅಜ್ಜನನ್ನು ದಾಟಿ ಹೋದದ್ದೂ ಗೊತ್ತಾಗದಂತೆ ನಿದ್ದೆ ಹೋಗಿದ್ದೆ. ನೀನು ಅವನ ಜೊತೆ ನಡೆದೆ. ಅವ್ವ ಕೂಗಿದಳು. ನಾನು ಮಲಗಿದ್ದೆ.

ಮನೆಯಲ್ಲಿ ನನಗೆ ಇಂಥದು ಬೇಕು ಎಂದು ನಾನು ಕೇಳಿದ್ದು ನಿನಗೆ ನೆನಪಿದೆಯೇ? ನನಗಿಲ್ಲ. ಗುರುವಾರ ಕವಲು ಬಂದಾಗ ಹಿಂದಿನ ಸೀಟಿನಿಂದ, ಅಪ್ಪಾ ನಿಲ್ಲಸು, ನಾ ಇಳೀತೀನಿ, ನನಗ ನಡೀಬೇಕಾಗೇತಿ ಎನ್ನುತ್ತೇನೆ. ಯಾಕೆಂದು ಕೇಳುತ್ತಾನೆ. ಕಾರಣ ಹೇಳುವುದಿಲ್ಲ. ಎರಡೇ ಬಾಗಿಲಿನ ಕಾರು, ನಾನು ಇಳಿಯಬೇಕಾದರೆ ಮುಂದೆ ಕುಳಿತ ಅವ್ವ ಮೊದಲು ಇಳಿದು ಸೀಟು ಬಗ್ಗಿಸಬೇಕು. ಇಳಿದವಳು ಮತ್ತೆ ಹತ್ತುತ್ತಾಳೋ, ನನ್ನ ಜೊತೆ ನಡೆಯುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ನಾನಂತೂ ನಡೆಯುತ್ತೇನೆ.

ನಿನ್ನ ತಂಗಿ
ಸಂಧ್ಯಾ